ಮೋಟ್ಕೆಯ ಬಹುವಚನ

ರಿವಿಂಗ್ಟನ್ ಬೀದಿಯ ಪೊಮರಾಂಟ್ಸ್ ಡೆಲಿ ಎಂಬ ಯಹೂದಿ ಹೋಟೆಲಿಗೆ ನಾನೂ ನನ್ನ ಹೆಂಡತಿ ಗಿಟ್ಟೆಲಳೂ ಪ್ರತಿ ಗುರುವಾರ ಮಧ್ಯಾಹ್ನ ಹೋಗುತ್ತಿದ್ದೆವು. ಊಟಕ್ಕೆ ಎಂದು ಬೇಕಾದರೆ ಹೇಳಿ. ಊಟವೂ ಸಿಗುತ್ತಿತ್ತು. ಆದರೆ ಬರೀ ಊಟ ಬೇಕಾದವರು ನ್ಯೂಯಾರ್ಕಿನಲ್ಲಿ ಯಾವ ಬೀದಿಯಲ್ಲಾದರೂ ತಿಂದು ಕೈ ತೊಳೆಯಬಹುದು. ಮೋಟ್ಕೆಯ ಹತ್ತಿರ ಬೈಸಿಕೊಂಡು ತಿನ್ನಬೇಕಾದರೆ ಮಾತ್ರ ಪೊಮರಾಂಟ್ಸ್‌ಗೇ ಬರಬೇಕಿತ್ತು.

ಮೋಟ್ಕೆ ಅಲ್ಲಿಯ ಸಪ್ಲೈಯರ್. ಕುಳ್ಳ ಮನುಷ್ಯ, ಚಪ್ಪಟೆ ಪಾದ, ಹೆಗಲ ಮೇಲೆ ಒಂದು ಟವೆಲು. ಗಿರಾಕಿಯೊಬ್ಬ ಬಾಗಿಲು ತಳ್ಳಿ ಒಳಗೆ ಬಂದರೆ, ತನ್ನ ಮಲಗುವ ಕೋಣೆಗೆ ಯಾರೋ ಅಪರಿಚಿತ ನುಗ್ಗಿದಂತೆ ನೋಡುತ್ತಿದ್ದ.

"ಬಂದ್ಯಾ ಇಸ್ಸರ್? ಕೂತ್ಕೊ. ಮೆನು ಕೊಡಲ್ಲ. ನಿಂಗೆ ಕಣ್ಣು ಕಾಣಲ್ಲ, ನಿನ್ ಹೆಂಡ್ತಿ ಓದಿದ್ರೂ ಕೊನೆಗೆ ತಿನ್ನೋದು ಅದನ್ನೇ."

"ಇವತ್ತು ಮೀನು ಹೇಗಿದೆ ಮೋಟ್ಕೆ?" ಎಂದು ಗಿಟ್ಟೆಲ್ ಕೇಳುತ್ತಿದ್ದಳು.

"ಬದುಕಿದ್ದಾಗ ಚೆನ್ನಾಗಿತ್ತು."

"ಒಂದು ಲೋಟ ನೀರು ಕೊಡಪ್ಪ."

"ಯಾಕೆ, ಬೆಂಕಿ ಬಿದ್ದಿದೆಯಾ?"

ಇಷ್ಟಾದ ಮೇಲೆ ಅವಳ ಮುಖ ಅರಳುತ್ತಿತ್ತು. ಆರು ದಿನ ನನ್ನಂಥ ಸಭ್ಯನ ಜೊತೆ ಬಾಳಿ ಬೇಸತ್ತವಳಿಗೆ ಏಳನೆಯ ದಿನ ಅಷ್ಟಾದರೂ ಬೇಡವೇ? ನಾನು ಸೊಂಟ ಬಾಗಿಸಿ ಜಿಪ್ಪು ಮಾರಿದವನು. ಊರಿನ ಅರ್ಧ ಗಂಡಸರ ಮಾನ ನನ್ನಿಂದ ಉಳಿದಿದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಮೋಟ್ಕೆ ಮಾತ್ರ ಅದನ್ನೂ ಒಪ್ಪುತ್ತಿರಲಿಲ್ಲ. ನಿನ್ನ ಜಿಪ್ಪು ಅರ್ಧಕ್ಕೇ ಸಿಕ್ಕಿಕೊಳ್ಳುತ್ತೆ, ನಿನ್ನ ಮಾತಿನ ಹಾಗೆ ಅನ್ನುತ್ತಿದ್ದ.

ಅವನು ಯಾರನ್ನೂ ಬಹುವಚನದಲ್ಲಿ ಕರೆದವನಲ್ಲ. ನಮ್ಮ ಯಿಡ್ಡಿಷ್ ಭಾಷೆಯಲ್ಲಿ ದೇವರಿಗೂ ಏಕವಚನವೇ. ಬಹುವಚನ ಏನಿದ್ದರೂ ಪೊಲೀಸರಿಗೆ, ಬೀಗರಿಗೆ, ಮತ್ತೆ ಇನ್ನು ಹೆಚ್ಚು ದಿನ ಉಳಿಯದವರಿಗೆ.

ಆ ಚಳಿಗಾಲದ ಆರಂಭದಲ್ಲಿ ಗಿಟ್ಟೆಲಳಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರ್ ಬ್ರೋನ್‌ಸ್ಟೀನ್ ಹೊಟ್ಟೆಯ ಎಕ್ಸ್‌ರೇ ತೆಗೆಸಿ, ಗಾಬರಿಯಾಗಬೇಡಿ, ಫಲಿತಾಂಶ ಬಂದಾಗ ಹೇಳುತ್ತೇನೆ ಎಂದರು. ಗಾಬರಿಯಾಗಬೇಡಿ ಎಂದ ಮೇಲೆ ಗಾಬರಿಯಾಗದಿರುವ ಜಾತಿ ನಮ್ಮದಲ್ಲ. ಆದರೂ ಗುರುವಾರ ಬಂತು, ಪೊಮರಾಂಟ್ಸ್‌ಗೆ ಹೋದೆವು.

ಮೋಟ್ಕೆ ಬಾಗಿಲಲ್ಲೇ ನಿಂತಿದ್ದ. ಅಂಗಿಗೆ ಗಂಜಿ ಹಾಕಿಸಿದ್ದ. ಗಿಟ್ಟೆಲಳನ್ನು ನೋಡಿ ತಲೆ ಬಾಗಿಸಿದ.

"ನಮಸ್ಕಾರ ಮೇಡಂ. ತಾವು ಹೇಗಿದ್ದೀರಿ ಇವತ್ತು? ಈ ಕಡೆ ಬನ್ನಿ, ದಯವಿಟ್ಟು."

ಕುರ್ಚಿಯನ್ನು ಹಿಂದಕ್ಕೆ ಎಳೆದ. ನಾನು ಅದನ್ನು ಕಸಿದುಕೊಳ್ಳುತ್ತಾನೆಂದೇ ತಿಳಿದೆ. ಇಲ್ಲ, ಕೂರಿಸಲಿಕ್ಕೆ ಎಳೆದಿದ್ದ.

ಗಿಟ್ಟೆಲ್ ಕೂತಳು. ಮೈ ಕೂತಿತು ಎನ್ನಬೇಕು, ಜೀವ ಇನ್ನೂ ಬಾಗಿಲಲ್ಲೇ ಇತ್ತು. "ಮೀನು ಹೇಗಿದೆ?" ಎಂದು ಮೆಲ್ಲಗೆ ಕೇಳಿದಳು.

"ತುಂಬಾ ಚೆನ್ನಾಗಿದೆ ಮೇಡಂ. ಆದರೆ ತಮಗೆ ಪಸ್ಟ್ರಾಮಿ ಮಾಂಸ ಇಷ್ಟ ಅಲ್ಲವೇ? ಮೆತ್ತಗಿರುವ ಕಡೆಯದನ್ನೇ ಕೊಯ್ಯಿಸಿ ತರುತ್ತೇನೆ."

ತಂದ. ಕೇಳದೆಯೇ ಇನ್ನೊಂದು ತಟ್ಟೆ ಉಪ್ಪುಸೌತೆ ತಂದ. ಕೇಳದೆಯೇ ನೀರು ತಂದ. ಎರಡು ತುತ್ತಿಗೊಮ್ಮೆ ಬಂದು, ಎಲ್ಲ ತಮ್ಮ ಮನಸ್ಸಿಗೆ ಒಪ್ಪುವಂತಿದೆಯೇ ಎಂದು ವಿಚಾರಿಸಿದ. ನಕ್ಕ ಕೂಡ. ಮೋಟ್ಕೆಗೆ ಅಷ್ಟು ಹಲ್ಲುಗಳಿವೆ ಎಂದು ನನಗೆ ಗೊತ್ತಾದದ್ದು ಅಂದೇ.

ಗಿಟ್ಟೆಲ್ ಬ್ರೆಡ್ಡನ್ನು ಕೆಳಗಿಟ್ಟಳು. "ಇಸ್ಸರ್, ನಾನು ಸಾಯ್ತಿದೀನಿ."

"ಏನು ಮಾತು ಅಂತ ಆಡ್ತೀಯ?"

"ಮೋಟ್ಕೆ ನಾದಿನಿ ಬೆಸ್ಸಿ ಎಲ್ಲಿ ಕೆಲಸ ಮಾಡೋದು? ಬ್ರೋನ್‌ಸ್ಟೀನ್ ಹತ್ರ. ಮೇಜಿನ ಮುಂದೆ ಕೂತಿರ್ತಾಳಲ್ಲ, ಕೆಂಪು ಕೂದಲಿನೋಳು. ಅವಳು ನನ್ನ ಎಕ್ಸ್‌ರೇ ನೋಡಿದ್ದಾಳೆ. ಮೋಟ್ಕೆಗೆ ಹೇಳಿದ್ದಾಳೆ. ನನ್ನ ಮೇಡಂ ಅಂದ, ಕೇಳಿಸ್ತಾ ನಿಂಗೆ? ಇನ್ನೇನು ಬೇಕು?"

ನಾನು ಸಮಾಧಾನ ಹೇಳಬಹುದಿತ್ತು. ಆದರೆ ಮೋಟ್ಕೆ ಅಷ್ಟರಲ್ಲಿ ಬಂದು ನನ್ನನ್ನು "ಸರ್" ಎಂದುಬಿಟ್ಟ. ನಾನೂ ಬ್ರೆಡ್ಡನ್ನು ಕೆಳಗಿಟ್ಟೆ.

ಮನೆಗೆ ಬಂದವಳೇ ಸಾಯುವ ಕೆಲಸಕ್ಕೆ ಕೈ ಹಾಕಿದಳು. ಮೊದಲು ಬೀರು ಖಾಲಿ ಮಾಡಿ ಒರೆಸಿದಳು. ತಾನು ಹೋದ ಮೇಲೆ ಮಾತಾಡಿಸಲು ಬರುವ ಹೆಂಗಸರು ಮೊದಲು ಬೀರು ತೆರೆದು ನೋಡುತ್ತಾರಂತೆ. ಆಮೇಲೆ ನನ್ನ ಎರಡನೆಯ ಮದುವೆಯ ವಿಷಯ ಎತ್ತಿದಳು. ಯಾರನ್ನಾದರೂ ಮಾಡಿಕೋ, ಮೂರನೇ ಮಹಡಿಯ ಬರ್ತಾ ಮಾತ್ರ ಬೇಡ ಎಂದಳು. ಬರ್ತಾ ನನ್ನ ತಲೆಯಲ್ಲೇ ಇರಲಿಲ್ಲ. ಹೇಳಿದ ಮೇಲೆ ಸ್ವಲ್ಪ ಹೊತ್ತು ಇದ್ದಳು.

ಕೊನೆಗೆ ಫೋನಿನ ಮುಂದೆ ಕೂತಳು. ಅದು ಶೇಂಡೆಲಳಿಗೆ ಎಂದು ಅವಳ ಬೆನ್ನು ನೋಡಿಯೇ ತಿಳಿಯಿತು.

ಶೇಂಡೆಲ್ ಅವಳ ತಂಗಿ. ಶೇಂಡೆಲಳ ಮಗನ ಮದುವೆಯಲ್ಲಿ ನಮ್ಮನ್ನು ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡ ಮೇಜಿನಲ್ಲಿ ಕೂರಿಸಿದ್ದರು. ಬಾಗಿಲು ತೆರೆದಾಗಲೆಲ್ಲ ನನ್ನ ಬೆನ್ನಿಗೆ ಬಡಿಯುತ್ತಿತ್ತು. ಗಿಟ್ಟೆಲ್ ಎಲ್ಲವನ್ನೂ ನುಂಗಿಕೊಂಡು, ಕೋಳಿಯನ್ನು ಮಾತ್ರ ನುಂಗಲಾರದೆ, "ಒಣಗಿದೆ" ಎಂದಳು. ಮೆಲ್ಲಗೇ ಹೇಳಿದಳು. ಆದರೆ ಗಿಟ್ಟೆಲ್ ಮೆಲ್ಲಗೆ ಹೇಳಿದ್ದು ಹೆಣ್ಣಿನ ಕಡೆಯವರ ಕೊನೆಯ ಸಾಲಿಗೂ ಮುಟ್ಟಿತು. ಅಂದಿನಿಂದ ಮಾತಿಲ್ಲ, ಹಬ್ಬಕ್ಕೆ ಶುಭಾಶಯವಿಲ್ಲ. ಶೇಂಡೆಲ್ ಗಂಡ ಅಬ್ರಾಶಾನನ್ನು ಕಟ್ಟಿಕೊಂಡು ಮಯಾಮಿಗೆ ಹೊರಟುಹೋದಳು. ಅಬ್ರಾಶಾ ಒಳ್ಳೆಯವನು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ, ಮೋಸ ಮಾಡಿಯೂ ಸೋಲುತ್ತಿದ್ದ. ಅಂಥವನ ಮೇಲೆ ಯಾರಿಗೆ ಸಿಟ್ಟು ಬರುತ್ತದೆ?

ಮಯಾಮಿಯವರು ದೂರಕ್ಕೆ ತಕ್ಕಂತೆ ಗಂಟಲು ಏರಿಸುತ್ತಾರೆ. ಆದ್ದರಿಂದ ಆ ಕಡೆಯ ಮಾತೂ ನನಗೆ ಚೆನ್ನಾಗಿಯೇ ಕೇಳಿಸಿತು.

"ಶೇಂಡೆಲ್, ನಾನು."

"ಯಾವ ನಾನು?"

"ನಿಮ್ಮಕ್ಕ."

"ನಮ್ಮಕ್ಕ ನನ್ನ ಕೋಳಿ ಗಂಟಲಿಗೆ ಸಿಕ್ಕಿ ಸತ್ತೋದ್ಲು ಅಂತ ತಿಳ್ಕೊಂಡಿದ್ದೆ."

"ಆಗ ಸಾಯ್ಲಿಲ್ಲ. ಈಗ ಸಾಯ್ತಿದೀನಿ."

ಆ ಕಡೆ ಅಳು ಶುರುವಾಯಿತು. ಮಯಾಮಿಯ ಅಳು, ಅದೂ ದೊಡ್ಡದೇ. "ಅಕ್ಕ, ಒಣಗಿತ್ತು. ಆ ಕೋಳಿ ಒಣಗಿತ್ತು. ನೀನ್ ಹೇಳಿದ್ದು ನಿಜ. ನಂಗೆ ಅವತ್ತೇ ಗೊತ್ತಿತ್ತು. ಬರ್ತೀನಿ ಇರು, ನಾನು ಬರೋತನಕ ಏನೂ ಮಾಡ್ಕೋಬೇಡ."

ಗಿಟ್ಟೆಲ್ ಫೋನ್ ಇಟ್ಟಳು. ಸಾಯಲಿರುವ ಹೆಂಗಸಿನ ಮುಖದಲ್ಲಿ ಅಷ್ಟೊಂದು ತೃಪ್ತಿಯನ್ನು ನಾನು ನಿರೀಕ್ಷಿಸಿರಲಿಲ್ಲ. "ಕೇಳಿದ್ಯಾ? ಒಣಗಿತ್ತಂತೆ," ಎಂದಳು. ಆ ದಿನ ಎರಡು ಸಲ ಬಡಿಸಿಕೊಂಡು ಉಂಡಳು.

ಶನಿವಾರದ ಸಬ್ಬತ್ ಮುಗಿದ ಮರುದಿನ ಶೇಂಡೆಲ್ ಒಬ್ಬಳೇ ಬಂದಿಳಿದಳು. ಬಿಸಿಲಿಗೆ ಕಂದಿ ಹುರಿದ ಬಾದಾಮಿಯಂತಾಗಿದ್ದಳು. ಕೈಯಲ್ಲಿ ಒಂದು ಚೀಲ ಕಿತ್ತಳೆ. ಅಕ್ಕ ಹಾಸಿಗೆ ಹಿಡಿದಿರುತ್ತಾಳೆ ಎಂದುಕೊಂಡು ಅಳುವ ತಯಾರಿಯಲ್ಲೇ ಮೆಟ್ಟಿಲು ಹತ್ತಿದ್ದಳು. ಅಕ್ಕ ಏಣಿ ಹತ್ತಿ ಪರದೆ ಬಿಚ್ಚುತ್ತಿದ್ದಳು.

"ಅಬ್ರಾಶಾ ಎಲ್ಲಿ?" ಎಂದೆ.

"ಅವನಿಗೆ ಈಗ ಪ್ರಯಾಣ ಆಗಲ್ಲ," ಎಂದು ಕಿತ್ತಳೆಯನ್ನು ನನ್ನ ಕೈಗಿತ್ತಳು. ನಾನು ಮತ್ತೆ ಕೇಳಲಿಲ್ಲ. ಮಂಡಿನೋವಿರಬಹುದು ಎಂದುಕೊಂಡೆ.

ಮರುದಿನ ಬೆಳಿಗ್ಗೆಯೇ ಡಾಕ್ಟರ್ ಬ್ರೋನ್‌ಸ್ಟೀನ್ ಫೋನ್ ಮಾಡಿದರು. ಹೊಟ್ಟೆಯಲ್ಲಿ ಗಾಳಿ, ಬೇರೆ ಏನೂ ಇಲ್ಲ, ಪಸ್ಟ್ರಾಮಿ ಕಡಿಮೆ ಮಾಡಿದರೆ ಇನ್ನೂ ಬಹಳ ಕಾಲ ಎಲ್ಲರನ್ನೂ ಗೋಳು ಹೊಯ್ದುಕೊಳ್ಳಬಹುದು ಎಂದರು. ನಾನು ಕುರ್ಚಿಯಲ್ಲಿ ಕುಸಿದು ಕೂತೆ. ಗಿಟ್ಟೆಲ್ ಕೂರಲಿಲ್ಲ, ನಂಬಲೂ ಇಲ್ಲ.

"ಡಾಕ್ಟರು ಸುಳ್ಳು ಹೇಳ್ತಾರೆ, ಅದು ಅವರ ಕೆಲಸ. ಮೋಟ್ಕೆ ಯಾವತ್ತಾದ್ರೂ ಸುಳ್ಳು ಹೇಳಿದ್ದಾನಾ? ಮೀನು ಹಳಸಿದ ದಿನ ಓನರ್ ಮುಂದೇನೇ ಹಳಸಿದೆ ಅಂದೋನು ಅವನು."

"ಡಾಕ್ಟರ ಮಾತಿಗಿಂತ ಸಪ್ಲೈಯರ್ ಮಾತು ಹೆಚ್ಚಾಯ್ತಾ ನಿಂಗೆ?" ಎಂದು ಶೇಂಡೆಲ್ ಕೇಳಿದಳು.

"ನೀನ್ ಅವನನ್ನ ನೋಡಿಲ್ಲ. ಕೋಟು ಹಾಕ್ಕೊ."

ಮೂವರೂ ಹೊರಟೆವು. ಗುರುವಾರವಲ್ಲದ ದಿನ ಪೊಮರಾಂಟ್ಸ್‌ಗೆ ಹೋದದ್ದು ಅದೇ ಮೊದಲು.

ಒಳಗೆ ಹೋದರೆ ಸಾವಿನ ಮನೆಯ ಕಳೆ. ಎಲ್ಲ ಮೇಜುಗಳಲ್ಲೂ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು, ಉಪ್ಪುಸೌತೆಯನ್ನೂ ಸದ್ದಾಗದಂತೆ ಕಚ್ಚುತ್ತಿದ್ದರು. ಗಲ್ಲಾದಲ್ಲಿ ಮುದುಕಿ ಶ್ರೀಮತಿ ಪೊಮರಾಂಟ್ಸ್ ಎಂದಿನಂತೆ ಟೋಪಿ ಹಾಕಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಅಳಿಯ ಸ್ಟ್ಯಾನ್ಲಿ, ಟೈ ಕಟ್ಟಿ, ಕೈಕಟ್ಟಿ ನಿಂತು ಮುಗುಳ್ನಗುತ್ತಿದ್ದ. ವ್ಯಾಪಾರ ಮಾಡುವುದು ಹೇಗೆಂದು ಕಾಲೇಜಿನಲ್ಲಿ ಓದಿ ಬಂದವನು. ಮಾವ ಓದದೆಯೇ ಕಟ್ಟಿದ್ದ ಈ ಅಂಗಡಿಯನ್ನು ಸರಿಪಡಿಸುವ ಭಾರ ತನ್ನ ಮೇಲಿದೆ ಎಂದು ನಂಬಿದ್ದ.

ಬೆಂಚುಗಳಿದ್ದ ಮೇಜೊಂದರಲ್ಲಿ ಕೂತೆವು. ಪಕ್ಕದ ಮೇಜಿನಿಂದ ದರ್ಜಿ ಝುಸ್ಮನ್ ನನ್ನ ತೋಳು ಹಿಡಿದ. "ಇಸ್ಸರ್, ನನ್ನನ್ನೂ ಸರ್ ಅಂದ. ನಾನು ಆಗಲೇ ವಕೀಲರ ಹತ್ರ ಹೋಗಿ ವಿಲ್ ಬರೆಸಿ ಬಂದೆ."

ಮೋಟ್ಕೆ ಬಂದ. ಎದೆಯ ಮೇಲೆ ಹೊಸ ಬಿಲ್ಲೆ, ಅದರಲ್ಲಿ 'ನಿಮ್ಮ ಸೇವೆಗೆ' ಎಂದು ಬರೆದಿತ್ತು. "ನಮಸ್ಕಾರ ಮೇಡಂ, ಮತ್ತೆ ತಮ್ಮ ದರ್ಶನ..."

ಗಿಟ್ಟೆಲ್ ಅವನ ಏಪ್ರನ್ ಹಿಡಿದು ಜಗ್ಗಿದಳು. "ಬೆಸ್ಸಿ ನಿಂಗೆ ಏನ್ ಹೇಳಿದ್ಲು? ಮುಚ್ಚಿಡಬೇಡ. ನಂಗೆ ಇನ್ನೆಷ್ಟು ದಿನ ಇದೆ?"

ಮೋಟ್ಕೆ ಗಲ್ಲಾದ ಕಡೆ ಒಮ್ಮೆ ನೋಡಿದ. ಮೇಜು ಒರೆಸುವ ನೆವದಲ್ಲಿ ಬಾಗಿ, ನಗುವನ್ನು ಮುಖದಿಂದ ಇಳಿಸದೆ, ಹಲ್ಲುಗಳ ಸಂದಿಯಿಂದ ಮಾತಾಡಿದ.

"ಬೆಸ್ಸಿ ನಮ್ಮನೇಗೆ ಕಾಲಿಟ್ಟು ಎಷ್ಟೋ ಕಾಲ ಆಯ್ತು. ನಿನ್ ಹೊಟ್ಟೆ ವಿಷಯ ನಂಗೇನ್ ಗೊತ್ತು? ಅಲ್ಲಿ ನಿಂತಿದೆಯಲ್ಲ ಟೈ ಕಟ್ಟಿದ ಗೊಂಬೆ, ಅದು ಮಾಡಿರೋ ಕೆಲಸ ಇದು. ನನ್ನ ಮರ್ಯಾದೆ ಕಲಿಯೋ ಶಾಲೆಗೆ ಕಳಿಸ್ದ, ಈ ವಯಸ್ಸಲ್ಲಿ. ಬೆಂಚ್ ಮೇಲೆ ಕೂರಿಸಿ ನಗೋದು ಹೇಗೆ ಅಂತ ಹೇಳ್ಕೊಟ್ರು. ಒಬ್ಬ ಗಿರಾಕಿನ ಬೈದ್ರೂ ಮನೆಗೆ ಹೋಗು ಅಂದಿದ್ದಾನೆ."

"ಅಂದ್ರೆ ನಾನು ಸಾಯ್ತಿಲ್ವಾ?"

"ಇಷ್ಟು ತಿನ್ನೋರು ಎಲ್ಲಾದ್ರೂ ಸಾಯ್ತಾರಾ?" ಎಂದು ಮೋಟ್ಕೆ ಸ್ಟ್ಯಾನ್ಲಿಗೆ ಕಾಣುವಂತೆ ತಲೆ ಬಾಗಿಸಿ, ಮೂರು ಪಸ್ಟ್ರಾಮಿ ತರಲು ಹೋದ.

ಗಿಟ್ಟೆಲ್ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ಮದುವೆಯ ಹೊಸದರಲ್ಲಿ ಹಿಡಿದಂತೆ ಎಂದು ಬರೆದರೆ ಸುಳ್ಳಾಗುತ್ತದೆ, ಆಗ ಇಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

ಶೇಂಡೆಲ್ ಕೈಚೀಲವನ್ನು ಮೇಜಿನ ನಡುವೆ ಇಟ್ಟಳು. "ಹಾಗಾದ್ರೆ ನಿಂಗೇನೂ ಆಗಿಲ್ಲ."

"ದೇವರ ದಯೆ, ಏನೂ ಇಲ್ಲ."

"ಹಾಗಾದ್ರೆ ಕೋಳಿ ಒಣಗಿರ್ಲಿಲ್ಲ."

"ಏನಂದೆ?"

"ಸಾಯೋರಿಗೆ ಸಮಾಧಾನ ಆಗ್ಲಿ ಅಂತ ಹೇಳ್ದೆ. ಸಾಯ್ದೇ ಇರೋರಿಗೆ ಆ ಮಾತು ಸಲ್ಲಲ್ಲ. ಕೋಳಿ ಬೆಣ್ಣೆ ಥರ ಇತ್ತು."

"ಬೆಣ್ಣೆಯಾ? ಕೊಯ್ಯಕ್ಕೆ ಇಸ್ಸರ್ ಎದ್ದು ನಿಂತ್ಕೋಬೇಕಾಯ್ತು."

"ಇಸ್ಸರ್‌ಗೆ ಜಿಪ್ಪು ಎಳೆಯಕ್ಕೂ ಎದ್ದು ನಿಲ್ಲಬೇಕು."

ನನ್ನನ್ನು ಸಾಕ್ಷಿಗೆ ಕರೆದದ್ದಷ್ಟೇ, ಹೇಳಿಕೆ ಯಾರೂ ಕೇಳಲಿಲ್ಲ. ದನಿ ಏರಿತು. ಮೇಜಿನ ಜಾಗ, ಬಾಗಿಲು, ಉಡುಗೊರೆಯಾಗಿ ಬಂದ ಬಿರುಕುಬಿಟ್ಟ ದೀಪ, ಎಲ್ಲ ಹೊರಗೆ ಬಂದವು. ಆಗ ಸ್ಟ್ಯಾನ್ಲಿ, ಶಾಂತಿ ಸ್ಥಾಪನೆಯೂ ತನ್ನ ಓದಿನ ಒಂದು ಭಾಗವೆಂಬಂತೆ, ಕೈ ಜೋಡಿಸಿಕೊಂಡು ಬಂದ.

"ಅಮ್ಮಂದಿರೇ, ನಮ್ಮ ಅತಿಥಿಗಳೆಲ್ಲರೂ ಸಂತೋಷವಾಗಿರಬೇಕೆಂಬುದು ನಮ್ಮ ಆಸೆ. ತಮ್ಮ ಭಾವನೆಗಳನ್ನು ನಾನು ಗೌರವಿಸುತ್ತೇನೆ..."

ಅಕ್ಕತಂಗಿಯರು ಒಟ್ಟಿಗೇ ತಿರುಗಿದರು. ವರ್ಷಗಳ ನಂತರ ಅವರು ಮೊದಲ ಬಾರಿಗೆ ಒಂದಾದ ಗಳಿಗೆ ಅದು.

"ಯಾರು ನಿನ್ನ ಕರೆದ್ರು?" ಎಂದಳು ಗಿಟ್ಟೆಲ್.

"ನಮ್ಮನೆ ಜಗಳಕ್ಕೆ ನೀನ್ ಯಾರು ಗೌರವ ಕೊಡಕ್ಕೆ?" ಎಂದಳು ಶೇಂಡೆಲ್.

"ಇವನನ್ನ ನೋಡು, ಕೋಟಿನ ತೋಳಿನ ಗುಂಡಿ ಕೂಡ ನೆಟ್ಟಗಿಲ್ಲ."

"ಊಟ ಹಾಕೋ ಮುಖ ಅಲ್ಲ ಇದು, ಹೆಣ ಹೊರಿಸೋರ ಮುಖ."

ಸ್ಟ್ಯಾನ್ಲಿ ತನ್ನ ತೋಳು ನೋಡಿಕೊಂಡ. ಕಾಲೇಜಿನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ.

ಆಗ ಅವನ ಬೆನ್ನ ಹಿಂದಿನಿಂದ ಮೂರು ತಟ್ಟೆಗಳು ಮೇಜಿನ ಮೇಲೆ ಬಂದು ಬಡಿದವು. ಸಾಸಿವೆಯ ಬಟ್ಟಲು ಹಾರಿ ಬಿತ್ತು.

"ಬಾಯಿ ಮುಚ್ಕೊಂಡು ತಿನ್ರೇ ಇಬ್ರೂ," ಎಂದ ಮೋಟ್ಕೆ. "ಆರುತ್ತೆ. ಒಬ್ಳು ಸಾಯಲ್ಲ, ಇನ್ನೊಬ್ಳು ಬದುಕಕ್ಕೆ ಬಿಡಲ್ಲ, ಮಧ್ಯೆ ಈ ಜಿಪ್ಪು. ಸ್ಟ್ಯಾನ್ಲಿ, ನೀನ್ ಸರ್ಕೊ, ಕಾಲಿಗೆ ಅಡ್ಡ ಬರ್ತೀಯ."

ಗಿಟ್ಟೆಲಳ ಕಣ್ಣಲ್ಲಿ ನೀರು. ಝುಸ್ಮನ್ ಎದೆಯ ಮೇಲೆ ಕೈಯಿಟ್ಟುಕೊಂಡು, "ನಂಗೂ ಏನಾದ್ರೂ ಹೇಳೋ ಮೋಟ್ಕೆ," ಎಂದು ಬೇಡಿದ.

"ನಿಂಗೇನ್ ಹೇಳೋದು? ನೀನ್ ಹೊಲಿದ ಪ್ಯಾಂಟೇ ನಾನು ಹಾಕ್ಕೊಂಡಿರೋದು, ಅದಕ್ಕಿಂತ ಅವಮಾನ ಇದೆಯಾ?"

ಝುಸ್ಮನ್ ಸುಖವಾಗಿ ಬೆನ್ನೊರಗಿಸಿ ಇನ್ನೊಂದು ಬಟ್ಟಲು ಸಾರು ಹೇಳಿದ.

ಸ್ಟ್ಯಾನ್ಲಿ ಕೆಂಪಗಾಗಿದ್ದ. "ಮೋಟ್ಕೆ, ನಾನು ನಿನಗೆ ಮೊದಲೇ ಹೇಳಿದ್ದೆ," ಎಂದು ಶುರುಮಾಡಿದ. ಗಲ್ಲಾದಿಂದ ಮುದುಕಿಯ ದನಿ ಬಂತು. ಅವರು ದನಿ ಏರಿಸುತ್ತಿರಲಿಲ್ಲ, ಏರಿಸುವ ಅಗತ್ಯವೂ ಇರಲಿಲ್ಲ.

"ಸ್ಟ್ಯಾನ್ಲಿ, ಒಳಗೆ ಹೋಗಪ್ಪ. ಸಾಸಿವೆ ಮುಗಿದಿದೆ, ತುಂಬಿಸ್ಕೊಂಡು ಬಾ."

ಅವನು ಹೋದ. ಬಿಲ್ಲೆ ಮಾತ್ರ ಮೋಟ್ಕೆಯ ಎದೆಯ ಮೇಲೇ ಉಳಿಯಿತು. ಅಷ್ಟರಮಟ್ಟಿಗೆ ಸ್ಟ್ಯಾನ್ಲಿಯದೂ ಗೆಲುವೇ ಎನ್ನಬೇಕು.

ಇಷ್ಟು ದಿನ ಕಟ್ಟಿಟ್ಟಿದ್ದೆಲ್ಲ ಮೋಟ್ಕೆಗೆ ಈಗ ಒಟ್ಟಿಗೇ ಬಂತು. ಮೇಜುಗಳ ನಡುವೆ ಬೈಯುತ್ತ ಓಡಾಡಿ, ಕೊನೆಗೆ ನಮ್ಮ ಹತ್ತಿರ ಬಂದು ಶೇಂಡೆಲಳನ್ನು ಮೇಲಿನಿಂದ ಕೆಳಗೆ ನೋಡಿದ.

"ನೀನ್ ಇವಳ ತಂಗಿ. ಹೇಳೋದೇ ಬೇಡ, ಮೂಗು ಹೇಳುತ್ತೆ. ಗಂಡನ್ನ ಎಲ್ಲಿ ಬಿಟ್ಟು ಬಂದೆ? ಒಬ್ಳನ್ನೇ ಕಳಿಸಿದ್ದಾನೆ ಅಂದ್ರೆ ಜಾಣ. ಈಗ ಮಯಾಮಿಲಿ ಕುಣೀತಿರ್ತಾನೆ."

ಶೇಂಡೆಲ್ ಬ್ರೆಡ್ಡಿನ ಅಂಚನ್ನು ಮುರಿದು ತಟ್ಟೆಯ ಪಕ್ಕಕ್ಕಿಟ್ಟಳು.

"ಕುಣೀತಿಲ್ಲ," ಎಂದಳು. "ಸತ್ತುಹೋದ. ಪಾಸೋವರ್ ಹಬ್ಬಕ್ಕೆ ಮುಂಚೆ."

ಗಿಟ್ಟೆಲ್ ಕೈಯ ತುತ್ತನ್ನು ತಟ್ಟೆಗೆ ಇಳಿಸಿದಳು. ಹಬ್ಬ ಮುಗಿದು ಬೇಸಿಗೆ ಹೋಗಿ ಈಗ ಚಳಿ ಬಂದಿತ್ತು. ಅಷ್ಟು ಕಾಲ ನಾವು ಅಬ್ರಾಶಾ ಮಯಾಮಿಯ ಬಿಸಿಲಿನಲ್ಲಿ ಇಸ್ಪೀಟು ಕಲಸುತ್ತಿದ್ದಾನೆ ಎಂದೇ ತಿಳಿದಿದ್ದೆವು.

"ಫೋನಲ್ಲಿ ಯಾಕೆ ಹೇಳ್ಲಿಲ್ಲ?" ಎಂದಳು ಗಿಟ್ಟೆಲ್.

"ನೀನು ಸಾಯ್ತಿದೀನಿ ಅಂದೆ. ಅದರ ಮೇಲೆ ನಾನು ನಂದೂ ಒಂದು ಇದೆ ಅಂತ ಹೇಳ್ಬೇಕಿತ್ತಾ, ಪೈಪೋಟಿಗೆ?"

"ಅದಕ್ಕೂ ಮುಂಚೆ? ಅವತ್ತೇ?"

"ಅವತ್ತು ಫೋನ್ ಕೈಗೆ ತಗೊಂಡೆ ಅಕ್ಕ. ಎರಡು ಸಲ. ಒಣಗಿದ ಕೋಳಿ ಹಾಕ್ದೋಳು ಅಂತ ನೀನು ಇಟ್ಬಿಟ್ರೆ ಏನ್ ಮಾಡ್ಲಿ ಅಂತ ನಾನೇ ಇಟ್ಬಿಟ್ಟೆ."

ಪಕ್ಕದ ಮೇಜಿನ ಝುಸ್ಮನ್ ಚಮಚ ಕೆಳಗಿಟ್ಟ.

ಮೋಟ್ಕೆ ಇನ್ನೂ ನಿಂತೇ ಇದ್ದ. ಶಾಲೆಯಲ್ಲಿ ಕಲಿತ ಮಾತು ಅವನ ಬಾಯಲ್ಲಿ ಬರುತ್ತದೆ, ತಮ್ಮ ದುಃಖದಲ್ಲಿ ನಾವೂ ಭಾಗಿಗಳು ಮೇಡಂ ಎನ್ನುತ್ತಾನೆ ಎಂದು ನಾನು ಹೆದರಿದೆ. ಅವನು ಹೆಗಲ ಟವೆಲನ್ನು ತೆಗೆದು ಮೇಜಿನ ಮೇಲಿಟ್ಟ.

"ಸರ್ಕೊ," ಎಂದು ನನ್ನನ್ನು ಮೊಣಕೈಯಿಂದ ತಳ್ಳಿ, ನನ್ನ ಪಕ್ಕದಲ್ಲಿ ಕೂತ. ಗಿರಾಕಿಗಳ ಮೇಜಿನಲ್ಲಿ ಅವನು ಕೂತದ್ದನ್ನು ಆ ಹೋಟೆಲಿನಲ್ಲಿ ಯಾರೂ ನೋಡಿರಲಿಲ್ಲ.

"ಏನ್ ತಿಂತಿದ್ದ ಅವನು?" ಎಂದು ಶೇಂಡೆಲಳನ್ನು ಕೇಳಿದ.

"ಯಾರು?"

"ನಿನ್ ಗಂಡ. ಡೆಲಿಗೆ ಹೋದ್ರೆ ಏನ್ ಹೇಳ್ತಿದ್ದ?"

ಶೇಂಡೆಲ್ ಮೂಗು ಒರೆಸಿಕೊಂಡಳು. "ದನದ ನಾಲಿಗೆ. ರೈ ಬ್ರೆಡ್ ಮೇಲೆ. ಬ್ರೆಡ್ಡಿನ ತುದಿಯೇ ಬೇಕು ಅವನಿಗೆ, ಗಟ್ಟಿ ತುದಿ. ಮಧ್ಯದ್ದು ಹಲ್ಲಿಲ್ಲದೋರಿಗೆ ಅಂತಿದ್ದ. ಅವನಿಗಿದ್ದ ಹಲ್ಲೂ ಕಟ್ಟಿಸಿದ್ದೇ."

"ಬಿಸಿದಾ, ತಣ್ಣಗಿರೋದಾ?"

"ಬಿಸಿದು. ಮೇಲೆ ಕಣ್ಣಲ್ಲಿ ನೀರು ಬರೋ ಅಷ್ಟು ಸಾಸಿವೆ."

ಮೋಟ್ಕೆ ಉರುಳಿದ್ದ ಸಾಸಿವೆಯ ಬಟ್ಟಲನ್ನು ನೆಟ್ಟಗಿಟ್ಟ. "ಪರವಾಗಿಲ್ಲ," ಎಂದ. "ಮನುಷ್ಯ ಪರವಾಗಿಲ್ಲ."

ಅವನ ಬಾಯಲ್ಲಿ ಬದುಕಿದ್ದವರಾರೂ ಇಷ್ಟು ದೊಡ್ಡ ಮಾತು ಕೇಳಿರಲಿಲ್ಲ. ಶೇಂಡೆಲಳಿಗೂ ಅದು ಹೇಗೋ ತಿಳಿಯಿತು. ನಗಲು ಹೋಗಿ, ಅತ್ತಳು. ಮಯಾಮಿಯ ಅಳುವಲ್ಲ, ಸದ್ದೇ ಇಲ್ಲದ್ದು. ಗಿಟ್ಟೆಲ್ ಎದ್ದು ಆ ಕಡೆ ಹೋಗಿ ತಂಗಿಯ ಪಕ್ಕದಲ್ಲಿ ಒತ್ತಿಕೊಂಡು ಕೂತಳು. ಇಬ್ಬರಿಗೂ ಆ ಬೆಂಚು ಸಾಲುತ್ತಿರಲಿಲ್ಲ, ಇಬ್ಬರೂ ದೂರಲಿಲ್ಲ. ಮೋಟ್ಕೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಬೇರೆ ಮೇಜಿನವರು ಕರೆಯುತ್ತಿದ್ದರೂ ಕಿವಿಗೊಡದೆ, ಬಾಗಿಲಿನವರೆಗೂ ನಮ್ಮ ಕೋಟುಗಳನ್ನು ಹೊತ್ತು ತಂದ. ಕೊಡುವಾಗ ನನ್ನದನ್ನು ನೆಲಕ್ಕೆ ಬೀಳಿಸಿದ.

ನಮ್ಮ ಶಾಸ್ತ್ರದಲ್ಲಿ ತಂಗಿಯ ಗಂಡನಿಗೆ ಸೂತಕವಿಲ್ಲ. ಇದ್ದರೂ ತಿಂಗಳುಗಳು ಕಳೆದ ಮೇಲೆ ಕೇಳಿದ ಸಾವಿಗೆ ಏಳು ದಿನ ಮೆತ್ತೆಯಿಲ್ಲದೆ ನೆಲಕ್ಕೆ ಹತ್ತಿರವಾಗಿ ಕೂರಬೇಕಿಲ್ಲ. ನಾನು ಇದನ್ನು ಮೆಟ್ಟಿಲು ಹತ್ತುತ್ತ ಹೇಳಿದೆ. ಗಿಟ್ಟೆಲ್ ಕೇಳಿಸಿಕೊಂಡಂತೆ ಕಾಣಲಿಲ್ಲ. ಮನೆಗೆ ಬಂದವಳೇ ಸೋಫಾದ ದಿಂಬುಗಳನ್ನೆಲ್ಲ ತೆಗೆದು ಮೂಲೆಗೆ ಎಸೆದು, ಅಡುಗೆಮನೆಯ ಗಿಡ್ಡ ಸ್ಟೂಲನ್ನು ಎಳೆದು ತಂದು ಅದರ ಮೇಲೆ ಕೂತಳು. ಶೇಂಡೆಲಳನ್ನು ಎದುರಿಗೆ, ಬರಿ ಹಲಗೆಯ ಸೋಫಾದ ಮೇಲೆ ಕೂರಿಸಿದಳು.

"ಮೊದಲಿಂದ ಹೇಳು," ಎಂದಳು. "ಅವತ್ತು ಬೆಳಿಗ್ಗೆ ಏನ್ ಮಾಡ್ತಿದ್ದ?"

ಶೇಂಡೆಲ್ ಹೇಳತೊಡಗಿದಳು. ಅಬ್ರಾಶಾ ಅಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಪಕ್ಕದ ಮನೆಯ ಕ್ಷೌರಿಕನ ಜೊತೆ ಇಸ್ಪೀಟು ಆಡುತ್ತಿದ್ದನಂತೆ, ತೋಳಿನೊಳಗೆ ಬಚ್ಚಿಟ್ಟ ರಾಣಿ ಎಲ್ಲರಿಗೂ ಕಾಣುವಂತೆ ಜಾರಿ ಬಿತ್ತಂತೆ, ಅವನು ನಕ್ಕು ನಕ್ಕು ಕೆಮ್ಮಿದನಂತೆ. ಗಿಟ್ಟೆಲ್ ಒಂದು ಮಾತೂ ಅಡ್ಡ ಹಾಕದೆ ಕೇಳುತ್ತಿದ್ದಳು. ಹೊರಗೆ ಬೀದಿಯ ದೀಪಗಳು ಹತ್ತಿಕೊಳ್ಳುತ್ತಿದ್ದವು. ನಾನು ಮೂರು ಲೋಟ ಚಹಾ ಮಾಡಿ, ನಿಂಬೆ ಹೋಳು ಹಾಕಿ ತಂದೆ. ನನಗೆ ಕೂರಲು ಜಾಗ ಉಳಿದಿರಲಿಲ್ಲ. ಮೂಲೆಗೆ ಹೋಗಿ ದಿಂಬುಗಳ ರಾಶಿಯ ಮೇಲೆ ಕೂತೆ.